ಇಸಕ್ಕಿ ತುಟಿ ಅಲುಗಿಸಿದಳು

ಪಾಳಯಂಕೋಟೆಯ ನಮ್ಮ ಬೀದಿಯಲ್ಲಿ ಆವುಡೈಯಮ್ಮಾಳ್ ಮನೆಯ ಜಗಲಿಯೇ ಇಡ್ಲಿ ಅಂಗಡಿ. ಬೆಂಚಿನ ಮೇಲೆ ಕೂತವರು ತಮಗೆ ಬೇಕಾದ್ದನ್ನು ಕೂಗಿ ಹೇಳುತ್ತಾರೆ. ಒಬ್ಬರಿಗೆ ಸಾಂಬಾರ್ ಸೋಕಲೇಬಾರದು, ಇನ್ನೊಬ್ಬರಿಗೆ ಚಟ್ನಿಪುಡಿಯ ಮೇಲೆ ಎಣ್ಣೆ ಸುರಿದಷ್ಟೂ ಸಾಲದು. ಯಾರೂ ಬರೆದುಕೊಳ್ಳುವುದಿಲ್ಲ, ಬಡಿಸುವವಳ ತಲೆಯಲ್ಲೇ ಎಲ್ಲ ಇರಬೇಕು. ಸೊಸೆ ಇಸಕ್ಕಿ ಮದುವೆಯಾಗಿ ಬಂದ ಹೊಸದರಲ್ಲಿ ಬೆಂಚು ತುಂಬಿ ತುಳುಕಿದರೂ ಒಂದು ತಟ್ಟೆಯೂ ಅದಲುಬದಲಾಗುತ್ತಿರಲಿಲ್ಲ.

ಆಮೇಲೆ ಅವಳ ಕಿವಿಗೆ ಬೇರೆ ದನಿಗಳು ಕೇಳತೊಡಗಿದವು. ನೀರಿನ ತೊಟ್ಟಿಯ ಹತ್ತಿರ ನಿಂತು ಅವುಗಳ ಜೊತೆ ಜಗಳವಾಡುತ್ತಿದ್ದಳು. ಒಂದು ದಿನ ಮಗಳು ಯಾಳಿನಿಯನ್ನು ರಸ್ತೆ ಬದಿಯಲ್ಲೇ ಬಿಟ್ಟು ಬಂದಳು. ಗಂಡನ ಅಕ್ಕ ಪೊನ್ನುತ್ತಾಯ್ ಮಗುವನ್ನು ತೂತುಕುಡಿಯ ತನ್ನ ಮನೆಗೆ ಕರೆದೊಯ್ದಳು, ಇಸಕ್ಕಿಯನ್ನು ಆಸ್ಪತ್ರೆಗೆ ಸೇರಿಸಿದರು. ಮಾತ್ರೆ ನುಂಗಿ ನುಂಗಿ ದನಿಗಳೇನೋ ಹೋದವು. ಆದರೆ ಕಾಯಿಲೆ ಅವಳ ನೆನಪನ್ನೂ ಗುಡಿಸಿಕೊಂಡು ಹೋಗಿತ್ತು. ಒಲೆ ಹಚ್ಚಿದವಳು ಯಾಕೆ ಹಚ್ಚಿದೆನೆಂದು ತಿಳಿಯದೆ ಅದರ ಮುಂದೆಯೇ ನಿಂತುಬಿಡುತ್ತಿದ್ದಳು.

ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದಳು: "ಅಂಗಡಿ ನೋಡ್ಕೊಳ್ಳೋ ಹಾಗಾದ್ರೆ ಮಗು ವಾಪಸ್ ಬರುತ್ತೆ ಕಣೇ. ಇಡ್ಲಿ ತಟ್ಟೆ ಎಲ್ಲಿಟ್ಟೆ ಅಂತ ಗೊತ್ತಿಲ್ದೋಳು ಮಗೂನ ಎಲ್ಲಿ ಬಿಡ್ತೀಯೋ ಯಾರಿಗ್ಗೊತ್ತು?"

ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ಚರ್ಚಿನ ಹಿಂದಿನ ಕೇಂದ್ರದಲ್ಲಿ ಜೆಸಿಂತಾ ಎಂಬಾಕೆ ಇಂಥ ಕಾಯಿಲೆಯಿಂದ ಎದ್ದವರ ತಲೆಗೆ ಕಸರತ್ತು ಮಾಡಿಸುತ್ತಿದ್ದಳು. ಬಣ್ಣದ ಬಿಲ್ಲೆಗಳನ್ನು ನೋಡಿ, ಮುಚ್ಚಿ, ಯಾವುದು ಎಲ್ಲಿತ್ತೆಂದು ಹೇಳಬೇಕು. ಒಂದು ಕೆಲಸವನ್ನು ಸಣ್ಣ ಸಣ್ಣದಾಗಿ ಬಿಡಿಸಿಕೊಂಡು ಮಾಡಬೇಕು. ಇಸಕ್ಕಿ ಮೊದಮೊದಲು ಬಿಲ್ಲೆಗಳನ್ನು ಎಸೆದು ಅತ್ತಳು. ಕೊನೆಗೆ ಒಂದು ಉಪಾಯ ಅವಳ ಕೈ ಹಿಡಿಯಿತು.

"ಬಾಯಿಬಿಟ್ಟು ಹೇಳ್ಕೊಳ್ಳಮ್ಮ," ಅಂದಳು ಜೆಸಿಂತಾ. "ಕೆಂಪಂಗಿ ಅಣ್ಣಂಗೆ ಚಟ್ನಿ, ಕನ್ನಡಕದ ತಾತಂಗೆ ಪುಡಿ. ತಟ್ಟೆ ಕೈಗೆ ಕೊಡೋವರ್ಗೂ ನಿಲ್ಲಿಸ್ಬೇಡ. ಅಭ್ಯಾಸ ಆದ್ಮೇಲೆ ಮನಸ್ಸಲ್ಲೇ ಹೇಳ್ಕೊಳ್ಳೋಕೆ ಬರುತ್ತೆ."

"ಜನ ನಗಲ್ವಾ ಅಕ್ಕಾ?"

"ನಗ್ಲಿ ಬಿಡು. ಅವರ ಇಡ್ಲಿ ಅವರಿಗೆ ಸಿಕ್ರೆ ತೆಪ್ಪಗಿರ್ತಾರೆ."

ಜೆಸಿಂತಾ ಒಳ್ಳೆಯವಳು. ಆದರೆ ಈ ಮಾತನ್ನು ಮನೆಯವರನ್ನೂ ಕರೆಸಿ ಹೇಳಬೇಕಿತ್ತು, ಹೇಳಲಿಲ್ಲ. ಕರೆದಿದ್ದರೆ ಅವರು ಬರುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಇಸಕ್ಕಿ ಹೇಳಿಕೊಳ್ಳುತ್ತಲೇ ಬಡಿಸತೊಡಗಿದಳು. ಒಳಗೆ ಹಿಟ್ಟು ರುಬ್ಬುವ ಗ್ರೈಂಡರಿನ ಸದ್ದಿನಲ್ಲಿ ಅತ್ತೆಗೆ ಅದು ಕೇಳಲಿಲ್ಲ. ತಟ್ಟೆಗಳು ಸರಿಯಾದ ಕೈಗೆ ಹೋಗುವುದು ಮಾತ್ರ ಕಂಡಿತು. ಆಷಾಢ ಬರುವಷ್ಟರಲ್ಲಿ ಮುದುಕಿ ಮೆತ್ತಗಾಗಿ ಮಗಳಿಗೆ ಫೋನ್ ಮಾಡಿಸಿದಳು. ಪೊನ್ನುತ್ತಾಯ್ ಮಗುವನ್ನು ಕರೆತಂದಳು, ತನ್ನ ಬಟ್ಟೆಬರೆಯನ್ನೂ ತಂದಳು. ಇಸಕ್ಕಿ ಹೇಗಿದ್ದಾಳೆಂದು ನೋಡಿಯೇ ಮಗುವನ್ನು ಬಿಟ್ಟುಹೋಗುವುದು ಅವಳ ಹಟ.

ಯಾಳಿನಿ ಎರಡೇ ದಿನದಲ್ಲಿ ಅಮ್ಮನ ಸೆರಗು ಹಿಡಿದಳು. ಅವಳನ್ನು ದೇವಸ್ಥಾನಕ್ಕೆ ಹೊರಡಿಸುವಾಗ ಇಸಕ್ಕಿ ಹೇಳಿಕೊಳ್ಳುವಳು, "ಚಪ್ಪಲಿ, ಚೀಲ, ನೀರಿನ ಬಾಟ್ಲಿ." ಮಗುವಿಗೆ ಅದೇ ಆಟ. ಹಿಂದಿನಿಂದ ತಾನೂ "ಚಪ್ಪಲಿ, ಚೀಲ, ನೀರಿನ ಬಾಟ್ಲಿ" ಎನ್ನುತ್ತ ಕುಣಿಯುವಳು. ಆ ಎರಡು ದಿನ ಇಸಕ್ಕಿಯ ಮುಖ ನೋಡಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ ಕರೆಂಟು ಹೋಗಿ ಗ್ರೈಂಡರ್ ನಿಂತಿತ್ತು. ಪೊನ್ನುತ್ತಾಯ್ ಹಲ್ಲುಜ್ಜುತ್ತ ಜಗಲಿಗೆ ಬಂದವಳು ನಿಂತಲ್ಲೇ ಕಿರುಚಿದಳು.

"ಅಮ್ಮಾ! ಬಾರಮ್ಮಾ ಇಲ್ಲಿ! ಇವಳು ಮತ್ತೆ ಅವುಗಳ ಹತ್ರ ಮಾತಾಡ್ತಿದಾಳೆ!"

"ಅಯ್ಯೋ, ಅಲ್ಲ ಅತ್ತಿಗೆ. ಯಾರಿಗೇನು ಬೇಕು ಅಂತ ಹೇಳ್ಕೊಳ್ತಿದೀನಿ. ಸೆಂಟರಿನ ಅಕ್ಕ ಕಲಿಸಿದ್ದು."

"ಒಬ್ಬೊಬ್ಬಳೇ ಮಾತಾಡೋದು ಬಿಡಿಸೋಕೆ ಕಳಿಸಿದ್ವಾ ನಿನ್ನ, ಕಲಿಸೋಕೆ ಕಳಿಸಿದ್ವಾ?"

ಬೆಂಚಿನವರು ಗೊಳ್ಳೆಂದು ನಕ್ಕರು. ಇಸಕ್ಕಿ ಗಂಡ ಸುಡಲೈಯ ಕಡೆ ತಿರುಗಿದಳು. "ಜೆಸಿಂತಾ ಅಕ್ಕಂಗೆ ಒಂದು ಫೋನ್ ಮಾಡಿ ಕೇಳ್ರೀ. ನಿಮ್ಮ ದಮ್ಮಯ್ಯ."

ಸುಡಲೈ ಜೇಬಿನಿಂದ ಫೋನ್ ತೆಗೆದ. ಅಕ್ಕನ ಮುಖ ನೋಡಿದ. ಫೋನು ಮತ್ತೆ ಜೇಬು ಸೇರಿತು. "ಅವತ್ತೂ ಹೀಗೇ ಅಲ್ವೇನೇ ಶುರುವಾಗಿದ್ದು?" ಅಂದ. ಆ ಗಂಡಸನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕನ್ನಡಕದ ತಾತ ಪುಡಿ ಇಡ್ಲಿ ತಿನ್ನುತ್ತಿದ್ದ, ಕೆಂಪಂಗಿಯವನ ತಟ್ಟೆಯಲ್ಲಿ ಚಟ್ನಿಯಿತ್ತು. ಒಂದೂ ತಪ್ಪಿರಲಿಲ್ಲ, ಅದನ್ನು ನೋಡುವವರು ಒಬ್ಬರೂ ಇರಲಿಲ್ಲ.

ಹೊತ್ತೇರುವ ಮೊದಲೇ, ಮಗುವನ್ನು ಮತ್ತೆ ತೂತುಕುಡಿಗೆ ಕರೆದೊಯ್ಯಲು ಬಾಗಿಲಿಗೆ ಆಟೋ ಬಂತು. ಇಸಕ್ಕಿಯ ಎರಡೂ ತೋಳನ್ನು ಸುಡಲೈ ಹಿಡಿದುಕೊಂಡಿದ್ದ. ಅಳುತ್ತಲೇ ಹೊರಬಂದ ಯಾಳಿನಿ ಜಗಲಿಯ ತುದಿಯಲ್ಲಿ ನಿಂತು, ಬೆರಳು ಮಡಚುತ್ತ ಮೆಲ್ಲಗೆ ಹೇಳಿಕೊಂಡಳು.

"ಚಪ್ಪಲಿ, ಚೀಲ..."

ಪೊನ್ನುತ್ತಾಯ್ ಅವಳ ಬಾಯಿಗೆ ಪಟ್ಟನೆ ಹೊಡೆದಳು. "ನಿಂಗೂ ಅಂಟ್ಕೊಂಡಿತಾ ಮುಂಡೇದೇ? ಮುಚ್ಚು ಬಾಯಿ!"

ಮಗು ಬಾಯಿ ಮುಚ್ಚಿತು, ಸುಮ್ಮನೆ ಹತ್ತಿ ಕೂತಿತು. ಆಟೋ ತಿರುವು ದಾಟಿದ ಮೇಲೆ ನೋಡಿದರೆ ನೀರಿನ ಬಾಟಲಿ ಜಗಲಿಯ ಮೇಲೆಯೇ ಉಳಿದಿತ್ತು.