ರೇಡಿಯೋದಲ್ಲಿ ಬಾರದ ದನಿ

ನಮ್ಮ ಯಜಮಾನರು ತೀರಿಹೋಗಿ ವರ್ಷವಾಗುವ ಹೊತ್ತಿಗೆ ಅವರ ದನಿ ನನಗೆ ಮರೆಯತೊಡಗಿತು. ಮುಖವಲ್ಲ, ದನಿ. ಅದೂ ಎಂಥವರದು! ನಮ್ಮ ಕಡೆಯ ಸಣ್ಣ ರೇಡಿಯೋ ಕೇಂದ್ರದಲ್ಲಿ ರಾತ್ರಿ ದೆವ್ವದ ಕಾರ್ಯಕ್ರಮ ನಡೆಸುತ್ತಿದ್ದವರದು. ಕಣದಲ್ಲಿ ಕಾಫಿ ಕಾಯುವವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಎಲ್ಲರೂ ಫೋನ್ ಮಾಡಿ ತಾವು ಕಂಡದ್ದನ್ನು ಹೇಳುತ್ತಿದ್ದರು. ಇಡೀ ತಾಲ್ಲೂಕನ್ನು ನಡುಗಿಸಿದ ಈ ಮಹಾಶಯರು ಮನೆಯಲ್ಲಿ ಕರೆಂಟ್ ಹೋದರೆ ಸಾಕು, "ಎಲ್ಲಿದ್ದೀಯೇ, ಏನಾದ್ರೂ ಮಾತಾಡೇ" ಎನ್ನುತ್ತಿದ್ದರು. ನನಗೆ ಬೇಕಿದ್ದದ್ದು ಆ ದನಿ.

ಅವರ ಫೋನಿನಲ್ಲಿ ಫೋಟೋಗಳಿದ್ದವು, ಮಾತಿರಲಿಲ್ಲ. ದಿನಾ ಕೇಳುವ ದನಿಯನ್ನು ಯಾರು ಎತ್ತಿಡುತ್ತಾರೆ? ಹಳೆಯ ಕಾರ್ಯಕ್ರಮ ಕೊಡಿ ಎಂದು ಕೇಂದ್ರಕ್ಕೆ ಹೋದೆ. "ನಾಳೆ ಬನ್ನಿ ಮೇಡಂ" ಅಂದರು. ಮಾರನೆಯ ದಿನವೂ "ನಾಳೆ ಬನ್ನಿ". ದೆವ್ವ ಒಳಗೆ ಬರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಅದೇ ಮಾತು. ಇವರಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ನಾನೇನು ದೆವ್ವಾನಾ? ಇದ್ರೆ ಕೊಡಿ, ಇಲ್ದಿದ್ರೆ ಇಲ್ಲ ಅನ್ನಿ!" ಎಂದು ಕಿರುಚಿದ ಮೇಲೆ ಬಾಯಿಬಿಟ್ಟರು. ಜಾಗ ಸಾಲದೆ ಎಲ್ಲವನ್ನೂ ಅಳಿಸಿಹಾಕಿದ್ದರಂತೆ.

ಯಾರಾದರೂ ರೆಕಾರ್ಡ್ ಮಾಡಿಟ್ಟಿರಬಹುದೆಂದು ಕೇಳುಗರನ್ನೇ ಹುಡುಕಿಕೊಂಡು ಹೊರಟೆ. ಹಾನುಬಾಳಿನ ಅಂಗಡಿಯವನೊಬ್ಬ "ಯಾರದು... ಬಾಗಿಲಾಚೆ..." ಎಂದು ಇವರ ಹಾಗೆಯೇ ದನಿ ದಪ್ಪ ಮಾಡಿ ಎಳೆದ. ಥೂ, ಅದು ರೇಡಿಯೋಗೆಂದು ಕಟ್ಟಿಕೊಂಡ ದನಿ. ನನ್ನ ಕಣ್ಣಲ್ಲಿ ನೀರು ನೋಡಿ ಅವನು ಗಾಬರಿಯಾದ. "ಯಸಳೂರಲ್ಲಿ ನಮ್ಮತ್ತೆ ಹಿಟ್ಟಿನ ಗಿರಣಿ ಇಟ್ಟವ್ರೆ ಕಣಕ್ಕಾ. ಸಾರ್‌ಗೆ ಫೋನ್ ಮಾಡ್ತಾನೇ ಇರೋರು. ಅತ್ತೆ ಫೋನಲ್ಲಿ ಮಾತಾಡಿದ್ದೆಲ್ಲ ತಾನೇ ರೆಕಾರ್ಡ್ ಆಗ್ತಿತ್ತು" ಅಂದ.

ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಕೈಮುಗಿದೆ.

ನಾನು ಯಾರ ಹೆಂಡತಿ ಎಂದು ಹೇಳುತ್ತಲೇ ಗಿರಣಿಯಮ್ಮ ಮಿಷನ್ ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. "ನನ್ನ ಮಾತು ರೇಡಿಯೋಗೆ ಹಾಕೋ ಮುಂಚೆ 'ಅಕ್ಕಾ, ಊಟ ಆಯ್ತಾ?' ಅಂತ ಕೇಳೋರು ಕಣವ್ವಾ. ನನ್ನ ಯಾರೂ ಹಂಗೆ ಕೇಳ್ತಿರ್ಲಿಲ್ಲ."

ಅದೇ! ಮನೆಯ ದನಿ. "ಆ ಫೋನ್ ಎಲ್ಲೈತೆ ಅಕ್ಕಾ?"

ಅವರ ಮುಖ ಇಳಿದುಹೋಯಿತು. "ಕೆಟ್ಟೋಗಿತ್ತು. ಹಳೇ ಫೋನಿಗೆ ಬಕೆಟ್ ಅಂತ ಕೂಗ್ಕೊಂಡು ಗಾಡಿ ಬಂತು. ಕೊಟ್ಬುಟ್ಟೆ ಕಣವ್ವಾ."

ಗಿರಣಿಯ ಮೂಲೆಯಲ್ಲಿ ನೀಲಿ ಬಕೆಟ್, ತುಂಬ ರಾಗಿಹಿಟ್ಟು. ಅದನ್ನು ಒದ್ದುಬಿಡಬೇಕು ಅನ್ನಿಸಿತು. ಒದೆಯಲಿಲ್ಲ. ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತೆ.

"ಹೆಂಗೆ ಕೇಳ್ತಿದ್ರು? ಅವ್ರ ಥರಾನೇ ಹೇಳಿ."

"ಅಕ್ಕಾ, ಊಟ ಆಯ್ತಾ?" ಅಂದರು. ಅದು ಬರೀ ಗಿರಣಿಯಮ್ಮನದೇ ದನಿ, ಹಿಟ್ಟಿನ ಧೂಳು ಕುಡಿದು ಒಡೆದ ಹೆಂಗಸಿನ ದನಿ.

"ಇನ್ನೊಂದ್ಸಲ" ಅಂದೆ.