ಎತ್ತಬ್ಯಾಡ್ರಿ ನನ್ನ

ಮೆಹಕರದ ಆಮ್ರಪಾಲಿಯ ಎರಡೂ ಕಾಲುಗಳನ್ನು ಪೋಲಿಯೊ ಎಳವೆಯಲ್ಲೇ ಕಸಿದಿತ್ತು. ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್ನಿನಲ್ಲಿ ಊರ ಹೆಂಗಸರ ಜಂಪರು ಹೊಲಿದು ಬದುಕುತ್ತಿದ್ದಳು. ಊರ ಮುಖಂಡ ಶಿವರಾಜಪ್ಪನ ಮನೆಯ ಜಂಪರುಗಳೂ ಅವಳ ಬಳಿಯೇ ಬರುತ್ತಿದ್ದವು. ಆದರೆ ಹೊಲಿದದ್ದನ್ನು ಕೊಡಲು ಹೋದರೆ, ‘ಅಲ್ಲೇ ಅಂಗಳದಾಗ ಇಟ್ಟು ಹೋಗವ್ವ’ ಎಂಬ ಮಾತು ಒಳಗಿನಿಂದ ಬರುತ್ತಿತ್ತು.

ವಿಧಾನಸಭೆ ಚುನಾವಣೆಯ ದಿನ ಅವಳು ತನ್ನ ಮೂರು ಗಾಲಿಯ ಸೈಕಲ್ಲಿನಲ್ಲಿ ಶಾಲೆಗೆ ಹೋದಳು. ಮತಗಟ್ಟೆಗೆ ಹೊಸದಾಗಿ ಕಟ್ಟಿದ ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ ಸೈಕಲ್ಲು ಅರ್ಧಕ್ಕೇ ಹಿಂದಕ್ಕೆ ಜಾರಿತು. ಸರ್ಕಾರ ಕಳಿಸಿದ ಗಾಲಿಕುರ್ಚಿಯಲ್ಲಿ ಪೊಲೀಸನೊಬ್ಬ ಕಾಲು ಚಾಚಿ ಕೂತಿದ್ದ.

‘ಕುರ್ಚಿ ಕೊಡ್ರಿ, ಸಾಹೇಬ್ರ.’

‘ತಡೀರಿ, ದೂಡಾವ್ರು ಬರ್ಲಿ.’

ಅಷ್ಟರಲ್ಲಿ ಹಿಂದಿನಿಂದ ಎರಡು ಕೈ ಅವಳ ಕಂಕುಳಡಿ ತೂರಿದವು. ಶಿವರಾಜಪ್ಪ! ಒಂದು ಮಾತೂ ಕೇಳದೆ ಕೂಸಿನಂತೆ ಎತ್ತಿ ಎದೆಗವುಚಿಕೊಂಡ. ಗುಟ್ಕಾದ ನಾತ ಮುಖಕ್ಕೆ ಬಡಿಯಿತು. ಅವನ ಕಡೆಯವನೊಬ್ಬ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತ, ‘ಅಣ್ಣಾ, ಸೆರಗು ಅಡ್ಡ ಬಂತು. ಇನ್ನೊಂದ್ ಸಲ’ ಎಂದ. ಶಿವರಾಜಪ್ಪ ಅವಳನ್ನು ಕೆಳಗಿಳಿಸಿ, ಮತ್ತೆ ಎತ್ತಲು ಬಾಗಿದ.

ಆಮ್ರಪಾಲಿ ಅವನ ಕೈ ತಳ್ಳಿದಳು. ‘ಮುಟ್ಟಬ್ಯಾಡ್ರಿ! ಮನಿಯೊಳಗ ಬಿಡದವ್ರಿಗಿ ಇವತ್ತ ನನ್ನ ಮೈ ಹ್ಯಾಂಗ ಮುಟ್ಟಲಿಕ್ಕ ಬರ್ತದ?’

ಸಾಲಿನಲ್ಲಿದ್ದವರು ಬದಿಗೆ ಸರಿದರು. ಅವಳು ಕೈಯೂರಿ, ಮೈ ಎಳೆಯುತ್ತ ಇಳಿಜಾರು ಏರಿದಳು. ಯಾರೋ ಉಗಿದಿದ್ದ ಎಲೆಯಡಿಕೆ ಅಂಗೈಗೆ ಮೆತ್ತಿತು. ಒಳಗೆ ಮತಯಂತ್ರ ಅವಳಿಗೆ ನಿಲುಕದ ಮೇಜಿನ ಮೇಲಿತ್ತು.

‘ನಿಮ್ಮ ಕಡಿಯವ್ರು ಯಾರರೆ ಒತ್ತಲಿ’ ಎಂದ ಅಧಿಕಾರಿ.

‘ನನ್ನ ಬೆರಳು ನೆಟ್ಟಗ ಅದಾವ್ರಿ. ಮಷಿನ್ ಕೆಳಗಿಡ್ರಿ.’

ಗೊಣಗುತ್ತ ಬೆಂಚಿನ ಮೇಲಿಟ್ಟರು. ಒತ್ತಿ ಬಂದಳು. ಮನೆಯಲ್ಲಿ ಸೋಪು ಹಚ್ಚಿ ಹಚ್ಚಿ ತೊಳೆದರೂ ಮೈಯ ಹೇಸಿಗೆ ಹೋಗಲಿಲ್ಲ.

ಸಂಜೆ ಮೊಬೈಲಿನಲ್ಲಿ ಆ ವಿಡಿಯೊ ಊರೂರು ತಿರುಗಿತು. ಅವಳ ಕೂಗು ತೆಗೆದು ಹಾಡು ಹಾಕಿದ್ದರು. ಔರಾದದ ಗೆಳತಿ ಕರುಣಾ ಫೋನ್ ಮಾಡಿ, ‘ಎಷ್ಟ್ ಚೊಲೊ ಮಂದಿ ಅದಾರ ನಿಮ್ಮೂರಾಗ!’ ಎಂದಾಗ ಆಮ್ರಪಾಲಿ ಫೋನಿಟ್ಟಳು.

ಬೀದರಿನ ಚುನಾವಣಾ ಕಚೇರಿಗೆ ಹೋಗಿ ಇಳಿಜಾರು, ವಿಡಿಯೊ ಎರಡರ ಮೇಲೂ ದೂರು ಕೊಟ್ಟಳು. ಉತ್ತರ ಬರಲಿಲ್ಲ. ಮುಂದಿನ ವರ್ಷದ ಲೋಕಸಭೆ ಚುನಾವಣೆಗೆ ಅಂಗನವಾಡಿ ಟೀಚರು ಬಂದು, ‘ಈ ಸಲ ಮನ್ಯಾಗೇ ಓಟ್ ಹಾಕ್ರಿ ಅಕ್ಕ, ಪೆಟ್ಟಿಗಿ ಇಲ್ಲಿಗೇ ಬರ್ತದ’ ಎಂದಳು.

‘ಬ್ಯಾಡವ್ವ. ನಾ ಮನ್ಯಾಗ ಕುಂತ್ರ ಆ ಇಳಿಜಾರು ಯಾವತ್ತೂ ಹಂಗೇ ಇರ್ತದ.’

ಮತದಾನದ ದಿನ ಶಾಲೆಗೆ ಹೋದಾಗ ಅದು ಹಾಗೇ ಇತ್ತು. ಶಿವರಾಜಪ್ಪ ಅವಳನ್ನು ಕಂಡು ಬೇರೆ ಕಡೆ ಮುಖ ಮಾಡಿದ. ಆಮ್ರಪಾಲಿ ಅಂಗೈಗಳಿಗೆ ಹಳೆಯ ಬಟ್ಟೆ ಸುತ್ತಿಕೊಂಡು ಏರತೊಡಗಿದಳು.