ದಾವಣಗೆರೆಯ ಮುಲಾಮು

ಹುಟ್ಟುವ ಮೊದಲೇ ತೀರಿಕೊಂಡ ನನ್ನ ಮಗಳಿಗೆ ನಾವು ಹೆಸರಿಡಲಿಲ್ಲ. ಮುಖವನ್ನೂ ನನಗೆ ಯಾರೂ ತೋರಿಸಲಿಲ್ಲ. ನನ್ನ ಗಂಡ ನೋಡಿದ್ದರು. ಕೂದಲು ಬಹಳ ಇತ್ತು ಎಂದಷ್ಟೇ ಹೇಳಿದರು.

ತವರು ಕೊಟ್ಟೂರು, ಗಂಡನ ಮನೆ ಹರಪನಹಳ್ಳಿ. ಅವರದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಆಗಿನ್ನೂ ಊರೂರಿಗೆ ಕರೆಂಟು ಬರುತ್ತಿದ್ದ ಕಾಲವಾದ್ದರಿಂದ ಅವರಿಗೆ ಕೆಲಸಕ್ಕೇನೂ ಕಡಿಮೆ ಇರಲಿಲ್ಲ. ಮನೆಗೆ ಬಂದಾಗ ಬೆರಳುಗಳಲ್ಲಿ ವಾರ್ನಿಷಿನ ವಾಸನೆ ಇರುತ್ತಿತ್ತು. ಎಷ್ಟು ಸೋಪು ಹಚ್ಚಿದರೂ ಅದು ಹೋಗುತ್ತಿರಲಿಲ್ಲ.

ಹೆರಿಗೆಯಲ್ಲಿ ನನ್ನ ಮೈ ಹರಿದಿತ್ತು. ಹೊಲಿಗೆ ಹಾಕಿದರು. ಗಾಯವೇನೋ ಮಾಯ್ದಿತು, ಆದರೆ ಮಾಯ್ದ ಜಾಗ ಗಟ್ಟಿಯಾಗಿ ಸೆಟೆದುಕೊಂಡಿತು. ಕೆಲವು ತಿಂಗಳಾದ ಮೇಲೆ ಗಂಡ ಹತ್ತಿರ ಬಂದಾಗ ನನಗೆ ಚಾಕು ಹಾಕಿದಂತಾಯಿತು. ಅವರು ತಟ್ಟನೆ ಎದ್ದು ಕುಳಿತು, "ಬ್ಯಾಡ ಬಿಡು, ಆರಾಮಾಗಲಿ," ಎಂದರು. ಆಮೇಲೆ ಇಬ್ಬರೂ ಹಲವು ಸಲ ಪ್ರಯತ್ನಪಟ್ಟೆವು. ಪ್ರತಿ ಸಲ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ, ಅವರು ಅದನ್ನು ಕಂಡು ನಿಲ್ಲಿಸುತ್ತಿದ್ದರು. ಕೊನೆಗೆ ಅವರು ಕೈ ಚಾಚಿದರೆ ಸಾಕು, ನನ್ನ ಮೈ ತಾನಾಗಿ ಮುದುಡತೊಡಗಿತು.

ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರಿಗೆ ಅರ್ಧಂಬರ್ಧ ಹೇಳಿಕೊಂಡೆ. "ಹಳ್ಳೆಣ್ಣಿ ಹಚ್ಚಿಕೋ, ಎಲ್ಲಾ ಸರಿ ಹೋಕೈತಿ," ಎಂದರು. ಹರಳೆಣ್ಣೆ ಹಚ್ಚಿಕೊಂಡೆ. ಉರಿ ಹತ್ತಿತು. ಕೊಬ್ಬರಿ ಎಣ್ಣೆಯನ್ನೂ ನೋಡಿದೆ. ಉರಿಯ ಜೊತೆ ತುರಿಕೆ ಶುರುವಾಗಿ ಕೂರಲಾರದೆ ಒದ್ದಾಡಿದೆ. ಒಂದು ಬೆಳಿಗ್ಗೆ ಗಂಡ ತಾಯಿಗೆ, "ತಂತಿ ತರಾಕ ದಾವಣಗೆರಿಗೆ ಹೊಂಟೀನಿ, ಇಕೀನೂ ಬರ್ತಾಳ, ಸೀರಿ ನೋಡ್ತಾಳಂತ," ಎಂದು ಹೇಳಿ ನನ್ನನ್ನು ಬಸ್ಸು ಹತ್ತಿಸಿದರು. ಸೀರೆ ಅಂಗಡಿಯ ಕಡೆ ನಾವು ತಲೆಯನ್ನೂ ಹಾಕಲಿಲ್ಲ.

ಡಾಕ್ಟರಮ್ಮ ಮೈಸೂರು ಕಡೆಯವರು, ಅವರ ಕನ್ನಡ ನಮ್ಮದಕ್ಕಿಂತ ಮೆತ್ತಗಿತ್ತು. ಪರೀಕ್ಷೆ ಮಾಡಿದ ಮೇಲೆ, "ಹೊರಗೆ ಕೂತಿದ್ದಾರಲ್ಲ, ಅವರನ್ನೂ ಕರಿಯಮ್ಮ," ಎಂದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವರೇ ಬಾಗಿಲು ತೆರೆದು ಕರೆದರು. ನನ್ನ ಗಂಡ ಬಂದು, ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕುಳಿತರು.

"ಇದು ಇವಳ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಗಾಯ ಮಾಯ್ದ ಚರ್ಮ ಹಿಗ್ಗುವುದನ್ನು ಮರೆತುಬಿಟ್ಟಿದೆ. ಅದಕ್ಕೆ ಮೆಲ್ಲಗೆ ಮತ್ತೆ ಕಲಿಸಬೇಕು," ಎಂದು ಹೇಳಿ ಮೇಜಿನ ಮೇಲೆ ಮೂರು ಗಾಜಿನ ನಳಿಗೆಗಳನ್ನಿಟ್ಟರು. ತುದಿ ದುಂಡಗಿದ್ದವು. ಒಂದು ಕಿರುಬೆರಳಿನಷ್ಟು, ಮುಂದಿನವು ಅದಕ್ಕಿಂತ ಕ್ರಮವಾಗಿ ದಪ್ಪ. ಜೊತೆಗೊಂದು ಮುಲಾಮಿನ ಟ್ಯೂಬು. ಮುಚ್ಚಳ ತೆಗೆದು ನನ್ನ ಅಂಗೈಗೆ ಹಿಂಡಿದರು. ಲೋಳೆಸರದ ತಿರುಳಿನಂತೆ ತಣ್ಣಗೆ ಜಾರುತ್ತಿತ್ತು, ಎಣ್ಣೆಯ ಜಿಡ್ಡು ಇರಲಿಲ್ಲ.

"ಇದು ನೀರಿನಲ್ಲಿ ಮಾಡಿದ್ದು, ನೀರಲ್ಲೇ ತೊಳೆದು ಹೋಗುತ್ತೆ. ಎಣ್ಣೆ ಒಳಗೇ ಉಳಿದುಬಿಡುತ್ತೆ, ನಿನ್ನಂಥ ಹಸಿ ಮೈಗೆ ಅದು ಒಗ್ಗಲಿಲ್ಲ ನೋಡು. ಧಾರಾಳವಾಗಿ ಹಚ್ಚು, ನಳಿಗೆಗೂ ಹಚ್ಚು, ನಿನಗೂ ಹಚ್ಚಿಕೋ. ಒಣಗಿದರೆ ಮತ್ತೆ ಹಚ್ಚು, ಜುಗ್ಗತನ ಮಾಡಬೇಡ. ಉಗುರು ಕತ್ತರಿಸಿ ಕೈ ತೊಳೆದುಕೋ. ತಳ್ಳಬೇಡ. ಉಸಿರು ಬಿಡುತ್ತ ಮೈ ಸಡಿಲ ಮಾಡು, ಅದು ತಾನಾಗಿ ಒಳಗೆ ದಾರಿ ಮಾಡಿಕೊಳ್ಳಲಿ. ಉರಿದರೆ, ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ ನನ್ನ ಹತ್ತಿರ ಬಾ. ಆದಮೇಲೆ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಸುತ್ತಿಡು."

ಆಮೇಲೆ ಗಂಡನ ಕಡೆ ತಿರುಗಿದರು. "ನೀವು ಕಾಯಬೇಕು. ಮಳೆಗಾಲದ ಹೊತ್ತಿಗೆ ಸರಿ ಹೋಗಬಹುದು."

"ಕಾಯ್ತೀನ್ರಿ ಅಮ್ಮಾರ," ಎಂದರು ಅವರು, ಕ್ಯಾಲೆಂಡರಿನಿಂದ ಕಣ್ಣು ಕೀಳದೆ.

ಅವರು ಕಾದ ರೀತಿ ನನಗೆ ಈಗಲೂ ಕಣ್ಣ ಮುಂದಿದೆ. ಮಧ್ಯಾಹ್ನ ಊಟಕ್ಕೆ ಬಂದವರು ನಮ್ಮ ಕೋಣೆಯ ಹೊಸ್ತಿಲ ಹೊರಗೆ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತುಬಿಡುತ್ತಿದ್ದರು. ಅತ್ತೆ ಆ ಕಡೆ ಬಂದರೆ, "ಸ್ಕ್ರೂ ಬಿದ್ದಾವ, ತುಳೀಬ್ಯಾಡ ಬೇ," ಎನ್ನುತ್ತಿದ್ದರು. ಆ ಫ್ಯಾನು ಒಂದು ದಿನವೂ ಕೆಟ್ಟಿರಲಿಲ್ಲ. ಒಳಗೆ ಚಿಲಕ ಹಾಕಿಕೊಂಡು ನಾನು ಚಾಪೆಯ ಮೇಲೆ ಮಲಗಿ ಉಸಿರು ಬಿಡುವುದನ್ನು ಕಲಿಯುತ್ತಿದ್ದೆ.

ಗಾಜು ತಣ್ಣಗಿದ್ದರೆ ಮೈ ಬೆಚ್ಚಿಬೀಳುತ್ತದೆ ಎಂದು ಹೇಳಿದ್ದಕ್ಕೆ, ಅದನ್ನು ಮೊದಲು ಬೆಚ್ಚಗಿನ ನೀರಲ್ಲಿಟ್ಟು ಕೊಡುವುದನ್ನು ಅವರೇ ರೂಢಿ ಮಾಡಿಕೊಂಡರು. ಕೊಡುವ ಮೊದಲು ತಂತಿಯ ಮೇಲಿನ ಲೇಪ ಎಲ್ಲಾದರೂ ಕಿತ್ತಿದೆಯೇ ಎಂದು ನೋಡುವ ಹಾಗೆ ಹೆಬ್ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಮ್ಮೆ ಎರಡನೆಯದರ ಬುಡದಲ್ಲಿ ಸಾಸಿವೆಯಷ್ಟು ಗಾಜು ಎದ್ದಿತ್ತು. "ಇದನ್ನ ಮುಟ್ಟಬ್ಯಾಡ," ಎಂದು ಕಾಗದದಲ್ಲಿ ಸುತ್ತಿ ಒಯ್ದು ಹೂತು ಬಂದರು. ಹೊಸದಕ್ಕೆ ದಾವಣಗೆರೆಗೇ ಹೋದರು. ಮುಲಾಮೂ ಹರಪನಹಳ್ಳಿಯಲ್ಲಿ ಸಿಗುತ್ತಿರಲಿಲ್ಲ. ತಾಮ್ರದ ತಂತಿಯ ಸುರುಳಿಯೊಳಗೆ ಅಡಗಿಸಿ ತರುತ್ತಿದ್ದರು.

ಒಂದು ಮಧ್ಯಾಹ್ನ ಎರಡನೆಯ ನಳಿಗೆ ನೋವಿಲ್ಲದೆ ಒಳಗೆ ಹೋಯಿತು. ಆ ಮೈ ಮತ್ತೆ ನನ್ನದಾಗುತ್ತಿದೆ ಎನಿಸಿ ಗಟ್ಟಿಯಾಗಿ ನಕ್ಕೆ.

"ಏನಾತು?" ಎಂದರು ಹೊರಗಿನಿಂದ, ಗಾಬರಿಯಲ್ಲಿ.

"ಏನಿಲ್ರಿ, ಆತು!" ಎಂದೆ.

ಫ್ಯಾನಿನ ರೆಕ್ಕೆ ನೆಲಕ್ಕೆ ಬಿದ್ದ ಸದ್ದು ಕೇಳಿತು. ಅವರೂ ನಗುತ್ತಿದ್ದರು.

ಅತ್ತೆ ಕೆಟ್ಟವರಲ್ಲ. ಅವರಿಗಿದ್ದವನು ಒಬ್ಬನೇ ಮಗ. ಸೊಸೆ ಮತ್ತೆ ಬಸುರಿಯಾಗಲಿಲ್ಲ, ಮಗ ಸೊಸೆ ಹಗಲಲ್ಲಿ ಏನೋ ಗುಸುಗುಸು ಮಾಡುತ್ತಾರೆ, ರಾತ್ರಿ ಬೇರೆ ಬೇರೆ ಚಾಪೆ. ಅವರು ಕಂಡದ್ದು ಇಷ್ಟೇ. ನೀಲಗುಂದದ ಭೀಮೇಶ್ವರನಿಗೆ ನನ್ನನ್ನು ಕರೆದುಕೊಂಡು ಹೋಗಿ ಹರಕೆ ಹೊತ್ತರು. ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತರು. "ನಿನ್ನ ಮ್ಯಾಲೆ ನಂಗ ಸಿಟ್ಟಿಲ್ಲವ್ವಾ. ಆದ್ರ ನಾ ಏನ ಮಾಡ್ಲಿ ಹೇಳು," ಎಂದರು. ನಾನು ಸೆರಗಿನಿಂದ ಅವರ ಕಣ್ಣೊರೆಸಿದೆ.

ಮಗನಿಗೆ ಬೇರೆ ಮದುವೆ ಮಾಡುವ ಮಾತಿಗೆ ಅತ್ತೆ ನನ್ನ ಅಪ್ಪನನ್ನು ಕರೆಸಿದರು. ಚೈತ್ರದ ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಜಮಖಾನ ಹಾಸಿ ಹಿರಿಯರು ಕುಳಿತರು. ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ಹೊರಗಿನ ಹುಡುಗಿಯನ್ನು ತಂದರೆ ಎರಡು ಮನೆಯ ನಂಟು ಹರಿಯುತ್ತದೆ, ನನ್ನ ಇಪ್ಪತ್ತೆರಡರ ತಂಗಿ ಇದ್ದಾಳಲ್ಲ ಎಂದು ಬಾಯಿ ಬಿಟ್ಟವರು ನನ್ನ ಅಪ್ಪನೇ. ಗಂಡನಿಂದ ನನಗೆ ಬಿಡುಗಡೆ ಬರೆಸಿಕೊಂಡು ಕೊಟ್ಟೂರಿಗೆ ಕರೆದೊಯ್ಯುತ್ತೇನೆ ಎಂದರು.

ಒಬ್ಬ ಹಿರಿಯರು ಬಾಗಿಲ ಕಡೆ ತಿರುಗಿ ಕೇಳಿದರು: "ನಿನ್ನ ಮಾತೇನವ್ವಾ? ಮುಚ್ಚುಮರಿ ಇಲ್ಲದ ಹೇಳು."

ಹೇಳಬೇಕಾದದ್ದು ಸಣ್ಣ ಮಾತು. ಎರಡನೆಯದು ಆಗಿದೆ, ಮೂರನೆಯದು ಉಳಿದಿದೆ, ಮಳೆಗಾಲದವರೆಗೆ ತಾಳಿ. ಆದರೆ ಅಪ್ಪ ಕುಳಿತಿದ್ದಾರೆ, ಊರ ಹಿರಿಯರು ಕುಳಿತಿದ್ದಾರೆ. ಮೈಯ ಆ ಭಾಗಕ್ಕೆ ನನಗೆ ಗೊತ್ತಿದ್ದ ಮಾತುಗಳೆಲ್ಲ ಬೈಗುಳ. ಆ ಗಾಜಿಗೆ, ಆ ಮುಲಾಮಿಗೆ ಹೆಸರೇ ಇರಲಿಲ್ಲ. ಬಾಗಿಲ ಸಂದಿಯಿಂದ ಗಂಡನನ್ನು ನೋಡಿದೆ. ಅವರು ಉಗುರಿನ ವಾರ್ನಿಷು ಕೆರೆಯುತ್ತ ಕುಳಿತಿದ್ದರು. ಒಂದು ಸಲ ತಲೆ ಎತ್ತಿದರು, ತುಟಿ ಅಲುಗಿತು. ಅವರು ಹೇಳಿದ್ದು ಇಷ್ಟು: "ದೊಡ್ಡೋರು ಹೆಂಗ ಹೇಳ್ತೀರೋ ಹಂಗ."

"ನಂದೇನೈತ್ರಿ," ಎಂದೆ ನಾನೂ.

ತಂಗಿ ಬಿ.ಎ. ಮುಗಿಸಿ ಟೀಚರಾಗುವ ಆಸೆಯಲ್ಲಿದ್ದಳು. ಕೊಟ್ಟೂರಿನ ಹಿತ್ತಲಲ್ಲಿ ನನ್ನನ್ನು ಅಪ್ಪಿಕೊಂಡು, "ಅಕ್ಕಾ, ನೀ ಒಂದ ಮಾತು ಬ್ಯಾಡ ಅನ್ನು, ನಾನೂ ಬ್ಯಾಡ ಅಂತೀನಿ," ಎಂದಳು. ನಾನು ಬೇಡ ಎಂದರೆ ಬೇರೆ ಯಾರೋ ಬರುತ್ತಾರೆ, ಅಷ್ಟೇ ತಾನೆ? "ಅವ್ರು ಒಳ್ಳೇರು ಅದಾರ. ನಿನ್ನ ಚೆಂದಾಗಿ ನೋಡ್ಕೊಂತಾರ," ಎಂದೆ. ವೈಶಾಖದಲ್ಲಿ ಮದುವೆಯಾಯಿತು. ನಾನು ಹೋಗಲಿಲ್ಲ. ಅವ್ವ ನನಗೆ ಜ್ವರ ಬಂದಿದೆ ಎಂದು ಬಂದವರಿಗೆಲ್ಲ ಹೇಳಿದಳಂತೆ.

ನಳಿಗೆಗಳ ಸ್ಟೀಲ್ ಡಬ್ಬಿ ನಾನು ತವರಿಗೆ ತಂದ ಟ್ರಂಕಿನ ತಳದಲ್ಲಿತ್ತು. ಬಹಳ ದಿನ ಅದನ್ನು ಮುಟ್ಟಲಿಲ್ಲ. ಆದರೆ ಬಿಟ್ಟ ಕೆಲವೇ ವಾರಗಳಲ್ಲಿ ಮೈ ಮತ್ತೆ ಬಿಗಿಯತೊಡಗಿ, ಬಟ್ಟೆ ಒಗೆಯಲು ಕುಕ್ಕರುಗಾಲಲ್ಲಿ ಕುಳಿತರೆ ಗಾಯದ ಜಾಗ ಸೆಳೆಯುತ್ತಿತ್ತು. ಆ ನೋವಿಗಾದರೂ ಎಂದು ಮತ್ತೆ ಶುರು ಮಾಡಿದೆ. ಅವ್ವ ನೀರಿಗೆ ಹೋದಾಗ ಚಿಲಕ ಹಾಕಿಕೊಳ್ಳುತ್ತಿದ್ದೆ. ಆಷಾಢ ಕಳೆಯುವುದರೊಳಗೆ ಮೂರನೆಯದಕ್ಕೆ ಬಂದಿದ್ದೆ. ಈಗ ಹೊಸ್ತಿಲಲ್ಲಿ ಯಾರೂ ಕೂರುತ್ತಿರಲಿಲ್ಲ.

ಪಂಚಮಿಗೆ ತಂಗಿ ತವರಿಗೆ ಬಂದಳು. ಊಟವಾದ ಮೇಲೆ ಹಿತ್ತಲಿನ ಜೋಕಾಲಿಯ ಮೇಲೆ ನನ್ನ ಪಕ್ಕ ಕುಳಿತಳು. ತೂಗಿಕೊಳ್ಳಲಿಲ್ಲ. ಕಾಲಿನಿಂದ ಮಣ್ಣು ಕೆದಕುತ್ತ, "ಅಕ್ಕಾ, ನಿನ್ನ ಬಿಟ್ಟು ಯಾರನ್ನ ಕೇಳ್ಲಿ ನಾನು? ನಂಗ ಭಾಳ ನೋವಾಕೈತಿ. ಅಂಜಿಕಿ ಬರ್ತೈತಿ," ಎಂದಳು.

ಎದ್ದು ಒಳಗೆ ಹೋಗಿಬಿಡಬೇಕೆನಿಸಿತು. ಅವಳ ಕೈ ನನ್ನ ಸೆರಗು ಹಿಡಿದಿತ್ತು.

"ಹರಿದೈತೇನು? ರಕ್ತ ಹೋಕೈತೇನು?"

"ಇಲ್ಲ. ಒಣಗಿದಂಗ ಇರ್ತೈತಿ. ಮೈ ಬಿಗಿ ಹಿಡೀತೈತಿ."

ಒಳಗಿನಿಂದ ಇನ್ನೂ ಒಡೆಯದ ಮುಲಾಮಿನ ಟ್ಯೂಬು ತಂದು ಅವಳಿಗೆ ಕೊಟ್ಟೆ. ಎಣ್ಣೆ ಹಚ್ಚಬೇಡ ಎಂದೆ. ಧಾರಾಳ ಹಚ್ಚು, ಒಣಗಿದರೆ ಮತ್ತೆ ಹಚ್ಚು, ಮೈ ಸಡಿಲಾಗುವವರೆಗೆ ಅವಸರ ಮಾಡಬೇಡ, ಇದರಿಂದಲೂ ನೋವು ನಿಲ್ಲದಿದ್ದರೆ ಡಾಕ್ಟರಮ್ಮನ ಹತ್ತಿರ ಹೋಗು ಎಂದೆ. ಡಬ್ಬಿಯ ವಿಷಯ ಅವಳಿಗೆ ಹೇಗೋ ತಿಳಿದಿತ್ತು. "ಅದೂ ಬೇಕಾಕೈತೇನು?" ಎಂದಳು.

"ಅವು ನನ್ನ ಗಾಯಕ್ಕ ಕೊಟ್ಟಿದ್ದು. ಒಬ್ಬರದು ಇನ್ನೊಬ್ಬರು ಬಳಸಬಾರದು. ನಿಂಗ ಇಷ್ಟ ಸಾಕು," ಎಂದೆ. ಆಮೇಲೆ ಹೇಳಿದೆ, "ನೋವಾದ್ರ ಬಾಯಿ ಮುಚ್ಕೊಂಡು ಇರಬ್ಯಾಡ. ಅವ್ರಿಗೆ ಹೇಳು. ನಿಲ್ಲಸ್ತಾರ. ಅವ್ರು ಕಾಯ್ತಾರ."

"ನಿಂಗ ಹೆಂಗ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಂತಳು. ಮುಖ ನನ್ನ ಮಡಿಲಲ್ಲಿಟ್ಟು ಅತ್ತಳು. ಅವಳ ತಲೆ ಸವರುತ್ತ ಕುಳಿತೆ. ಅವಳ ಕೂದಲಲ್ಲಿ ಎಲ್ಲಿಂದಲೋ ಆ ವಾರ್ನಿಷಿನ ವಾಸನೆ ಬಂದಂತಾಯಿತು.

ಟ್ಯೂಬು ಕೊಟ್ಟುಬಿಟ್ಟಿದ್ದರಿಂದ ನಾನೇ ದಾವಣಗೆರೆಗೆ ಹೋಗಬೇಕಾಯಿತು. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಔಷಧಿ ಅಂಗಡಿಯವನು, "ಯಾರಿಗ್ರಿ ಇದು?" ಎಂದ. "ನನಗ," ಎಂದೆ. ಡಾಕ್ಟರಮ್ಮನನ್ನೂ ಕಂಡೆ. ಪರೀಕ್ಷೆ ಮಾಡಿ ಕೈ ತೊಳೆಯುತ್ತ ಅವರು ಹೇಳಿದರು, "ನೋಡು, ನಾನು ಹೇಳಿದ ಹಾಗೇ ಆಯಿತು. ಪೂರ್ತಿ ಗುಣವಾಗಿದ್ದೀಯ. ಯಜಮಾನರು ಬಂದಿಲ್ಲವಾ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಟವಲು ಹಿಡಿದುಕೊಂಡು ಅಲ್ಲೇ ನಿಂತರು.

"ಇನ್ನ ಇದನ್ನೆಲ್ಲಾ ಯಾರಿಗೆ ಅಂತ ಮಾಡ್ಲ್ರಿ?" ಎಂದೆ.

"ಮೊದಲಿಂದಲೂ ನಿನಗೇ ಕೊಟ್ಟದ್ದಮ್ಮ ಅದು. ಅವರಿಗಲ್ಲ. ನೋವಿಲ್ಲದೆ ಕೂರೋದು, ನಡೆಯೋದು, ಸುಖ ಅನ್ನಿಸಿದರೆ ಅದೂ ನಿನ್ನದೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ," ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಅವರ ಮಾತು ನಿಜವೆಂದು ನನಗೆ ಆಮೇಲಾಮೇಲೆ ತಿಳಿಯಿತು. ಮುಚ್ಚಿದ ಕೋಣೆಯಲ್ಲಿ ನನ್ನ ಮೈ ನನಗೆ ಒಲಿದ ಮಧ್ಯಾಹ್ನಗಳೂ ಬಂದವು. ಅಂಥ ಹೊತ್ತಿನಲ್ಲೂ ಕೊನೆಗೆ ಕಣ್ಣೀರೇ ಬರುತ್ತಿತ್ತು. ಅಂದು ಮಾತ್ರ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು, ಗುಣವಾದದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತೆ.

ಮರುವರ್ಷ ತಂಗಿಗೆ ಹೆಣ್ಣು ಹುಟ್ಟಿತು. ದಾವಣಗೆರೆಯಲ್ಲೇ, ಆ ಡಾಕ್ಟರಮ್ಮನ ಕೈಯಲ್ಲೇ ಹೆರಿಗೆಯಾಗಬೇಕೆಂದು ನಾನು ಹಟ ಹಿಡಿದಿದ್ದೆ. ಬಾಣಂತನಕ್ಕೆ ಕೊಟ್ಟೂರಿಗೆ ಕರೆತಂದೆವು. ಮಗುವನ್ನು ನೋಡಲು ಅವರು ಬಂದರು. ಬಿಡುಗಡೆಯಾದ ಮೇಲೆ ನಾವು ಎದುರುಬದುರಾದದ್ದು ಅದೇ ಮೊದಲು. ನೀರು ಕೊಟ್ಟೆ. ಚೊಂಬು ಹಿಡಿದುಕೊಂಡು, ಕುಡಿಯದೆ, "ಆರಾಮ ಅದೀಯಾ?" ಎಂದರು.

"ಅದೀನ್ರಿ. ಡಾಕ್ಟರಮ್ಮಾರು ಗುಣ ಆಗೇತಿ ಅಂದ್ರು. ಪೂರ್ತಿ."

ಮೊದಲು ಅವರಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. "ಯಾವಾಗ?" ಎಂದರು.

"ಶ್ರಾವಣದಾಗ."

ಅವರು ಗೋಡೆಗೆ ಒರಗಿದರು. "ಅವತ್ತು ನಾ ಬಾಯಿ ಬಿಟ್ಟಿದ್ರ..." ಎಂದರು. ನಾನು ಅವರ ಕೈಯಿಂದ ಚೊಂಬು ತೆಗೆದುಕೊಂಡೆ. ಒಳಗಿನಿಂದ ತಂಗಿ, "ಬಂದ್ರೇನ್ರಿ?" ಎಂದು ಕೂಗಿದಳು. ಅವರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಹಗರಿಬೊಮ್ಮನಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿ ನಾನು ಆ ವರ್ಷವೇ ಹೊರಟೆ. ಮತ್ತೆ ಮದುವೆಯಾಗು ಎಂದವರಿದ್ದರು, ಕೇಳಿಕೊಂಡು ಬಂದವರೂ ಇದ್ದರು. ನನ್ನಿಂದಾಗಲಿಲ್ಲ. ಹೊಲಿಗೆಗೆ ಬರುವ ಹೆಂಗಸರು ಎಲ್ಲರೂ ಹೋದ ಮೇಲೆ ಒಬ್ಬೊಬ್ಬರೇ ಹಿಂದೆ ಉಳಿದು, "ಅಕ್ಕಾರ, ಒಂದ್ ಮಾತು," ಎನ್ನುತ್ತಿದ್ದರು. ನಾನು ಮಷೀನು ನಿಲ್ಲಿಸಿ, ಬಾಗಿಲು ಮುಂದೆ ಮಾಡಿ, ಮೈಯ ಮಾತನ್ನು ಬೈಗುಳದಂತಲ್ಲ, ಮೈಯ ಮಾತಿನಂತೆಯೇ ಅವರಿಗೆ ಹೇಳುತ್ತಿದ್ದೆ.